ಹೊಸ್ತಿಲ ಮುಂದಿನ ಬೀಸುಕಲ್ಲು

ಮನೆ ಮಾರಾಟದ ಜಾಹೀರಾತಿನಲ್ಲಿ ವಿಶೇಷಣಗಳು ಹೆಚ್ಚಿದಷ್ಟೂ ವಿಶೇಷ ಕಡಿಮೆಯಿರುತ್ತದೆ ಎಂಬುದು ನನ್ನ ಅಚಲ ನಂಬಿಕೆ. ‘ಕೋಜಿ’ ಎಂದರೆ ಕೈಚಾಚಿದರೆ ಎರಡೂ ಗೋಡೆ ಸಿಗುತ್ತವೆ. ‘ಚಾರ್ಮಿಂಗ್’ ಎಂದರೆ ನೆಲ ವಾಲಿದೆ. ‘ಕ್ವಯಟ್’ ಎಂದರೆ ಹಾಲು ತರಲು ಹತ್ತು ಮೈಲಿ ಡ್ರೈವ್ ಮಾಡಬೇಕು. ಹಾಗಾಗಿ ಒಂದು ಭಾನುವಾರ ನನ್ನ ಹೆಂಡತಿ ಸುಧಾ ‘ನವೀಕರಿಸಿದ ಐತಿಹಾಸಿಕ ನೀರುಗಿರಣಿ, ಚಾರ್ಮಿಂಗ್, ಬಾಗಿಲಲ್ಲಿ ಒರಿಜಿನಲ್ ಸ್ಟೋನ್’ ಎಂಬ ಜಾಹೀರಾತನ್ನು ಕತ್ತರಿಸಿ ಕಾಫಿ ಲೋಟದ ಪಕ್ಕ ಇಟ್ಟಾಗ, ನಾನು ಕೆಂಪು ಪೆನ್ನು ತೆಗೆದು ಒಂದೊಂದು ಪದಕ್ಕೂ ಸೊನ್ನೆ ಸುತ್ತಿದೆ.

ತಪ್ಪು ನನ್ನದಲ್ಲ, ವೃತ್ತಿಯದು. ಎರಡು ಸಾವಿರದ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳಿಗೆಲ್ಲ ಬುದ್ಧಿಭ್ರಮಣೆಯಾಗುತ್ತದೆಂದು ಹೆದರಿ ಅಮೆರಿಕ ನಮ್ಮಂಥವರನ್ನು ವಿಮಾನಗಟ್ಟಲೆ ಕರೆಸಿಕೊಂಡ ಕಾಲದಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್ ಆಗಿ ಬಂದವನು. ಅನುಮಾನವೇ ನನ್ನ ಅನ್ನ. ಅದನ್ನು ಆಫೀಸಿನಲ್ಲೇ ಬಿಟ್ಟು ಬರುವ ವಿದ್ಯೆ ಮಾತ್ರ ನನಗೆ ಸಿದ್ಧಿಸಲಿಲ್ಲ. ಎಡಿಸನ್ ಎಂಬ ಊರಿನ ಬಾಡಿಗೆ ಅಪಾರ್ಟ್‌ಮೆಂಟಿನಿಂದ ಹೊರಟು ಎಂಟು ಮನೆ ನೋಡಿ, ಎಂಟನ್ನೂ ನಪಾಸು ಮಾಡಿದ್ದೆ. ಮೊಸರಲ್ಲಿ ಕಲ್ಲು ಹುಡುಕುವವರು ಎಂದು ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಬೇಕೆಂದು ಸುಧಾ ಹಂಗಿಸುತ್ತಿದ್ದಳು.

ಈ ಸಲ ಹಂಗಿಸಲಿಲ್ಲ. “ಇದಕ್ಕೂ ಕೊಂಕು ತೆಗೆದ್ರೆ, ಇನ್ಮೇಲೆ ನಾನು ಮನೆ ನೋಡೋಕೇ ಬರಲ್ಲ ರೀ” ಎಂದಳು, ಮೆಲ್ಲಗೆ. ಅವಳ ತಂದೆ ಮಂಡ್ಯದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು; ಬಿಸಿ ರಾಗಿಹಿಟ್ಟಿನ ವಾಸನೆಯಲ್ಲಿ ಬೆಳೆದ ಹುಡುಗಿ. ಅವಳ ಮೆಲುದನಿಗೆ ನಾನು ನಿಜಕ್ಕೂ ಹೆದರಿದೆ.

ಒಂದು ಗಂಟೆ ಪಶ್ಚಿಮಕ್ಕೆ ಡ್ರೈವ್ ಮಾಡಿದ ಮೇಲೆ ಹೊಲಗಳ ನಡುವೆ ಗಿರಣಿ ಕಂಡಿತು. ಅದನ್ನು ಸ್ವಂತ ಕೈಯಿಂದ ರಿಪೇರಿ ಮಾಡಿದ್ದ ಮುದಿ ಬಡಗಿ ವಾಲ್ಟರ್ ಬಾಗಿಲು ತೆರೆದ. ಪಕ್ಕದ ಹೊಳೆಯಲ್ಲಿ ಗಿರಣಿಯ ಚಕ್ರ ಗಂಭೀರವಾಗಿ ತಿರುಗುತ್ತಿತ್ತು. ಎಲ್ಲೋ ಮೋಟಾರು ಅಡಗಿಸಿಟ್ಟಿದ್ದಾನೆಂದುಕೊಂಡು ಬಗ್ಗಿ ವೈರು ಹುಡುಕಿದೆ. ಪ್ಯಾಂಟು ನೆನೆಯಿತೇ ಹೊರತು ವೈರು ಸಿಗಲಿಲ್ಲ. ನೆಲಮಾಳಿಗೆಯಲ್ಲಿ ಬೂಷ್ಟು ಹುಡುಕುತ್ತಾ ಮೂಸಿದೆ. ನೆಲದ ವಾಟ ಪರೀಕ್ಷಿಸಲೆಂದೇ ನಾನು ಜೇಬಿನಲ್ಲಿ ಒಯ್ಯುವ ಗೋಲಿಯನ್ನು ನಡುಮನೆಯಲ್ಲಿಟ್ಟೆ; ಅದೂ ವಾಲ್ಟರನ ಪಕ್ಷ ವಹಿಸಿ ಇಟ್ಟಲ್ಲೇ ಕುಳಿತಿತು. ಇಷ್ಟು ನಿರ್ದೋಷವಾದದ್ದರಲ್ಲಿ ಏನೋ ದೊಡ್ಡ ಮೋಸವೇ ಇರಬೇಕೆಂದು ಹೊರಗೆ ಬಂದು, ಬಾಗಿಲ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಬೂಟುಗಾಲಲ್ಲಿ ನಿಂತು, ಸೂರಿನ ಬಿರುಕುಗಳನ್ನು ಎಣಿಸತೊಡಗಿದೆ. ಹೊಳೆ ಉಕ್ಕಿದರೆ ಗತಿಯೇನು ಎಂಬ ಕೊನೆಯ ಬಾಣ ನಾಲಿಗೆಯ ತುದಿಯಲ್ಲಿತ್ತು.

“ಅಯ್ಯೋ, ಇಳೀರಿ! ಬೀಸೋ ಕಲ್ಲಿನ ಮೇಲೆ ನಿಂತಿದ್ದೀರಲ್ಲ ರೀ!”

ನೋಡಿದರೆ ಹೌದು. ನಡುವೆ ತೂತು, ಮೈಮೇಲೆಲ್ಲ ಸವೆದ ಗೀರು. ಇದರ ಪುಟ್ಟ ತಂಗಿಗೇ ಅಲ್ಲವೇ ನಮ್ಮ ಮದುವೆಯಲ್ಲಿ ಅರಿಶಿನದ ದಾರ ಕಟ್ಟಿ ಪೂಜಿಸಿದ್ದು! ಹಾರಿ ಇಳಿದೆ. ಪುಸ್ತಕಕ್ಕೆ ಕಾಲು ತಗುಲಿದಾಗ ಮಾಡುವಂತೆ, ಯಾವುದನ್ನೂ ನಂಬದ ನನ್ನ ಕೈ ತಾನಾಗಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು.

ಈಗ ಅನುಮಾನ ವಾಲ್ಟರನಿಗೆ ವರ್ಗವಾಯಿತು. ಕಲ್ಲು ಬಿರಿದಿದೆಯೇ ಎಂದು ಕೇಳಿದ. ಅನ್ನ ಕೊಡುವ ಕಲ್ಲನ್ನು ನಾವು ತುಳಿಯುವುದಿಲ್ಲ ಎಂದು ಸುಧಾ ವಿವರಿಸಿದಳು. ಅವನು ಬಗ್ಗಿ ಕಲ್ಲಿನ ಮೇಲಿನ ನನ್ನ ಬೂಟಿನ ಮಣ್ಣನ್ನು ಕೈಯಿಂದ ಒರೆಸಿದ. ಬಂದವರೆಲ್ಲ ಅದರ ಮೇಲೆ ಬೂಟು ಒರೆಸಿಕೊಂಡು ಚೆನ್ನಾಗಿದೆಯೆಂದು ಹೊಗಳಿದ್ದರಂತೆ. ಮತ್ತೆಲ್ಲಿ ಇಡಬೇಕಿತ್ತು ಎಂದು ಕೇಳಿದ.

ಸುಧಾ ಒಂದು ಕ್ಷಣವೂ ಯೋಚಿಸದೆ ಪೂರ್ವದ ಗೋಡೆಯ ಕಡೆ ಕೈ ತೋರಿಸಿದಳು, ತನ್ನದೇ ಮನೆಯೆಂಬಂತೆ. ಆಮೇಲೆ ನೆನಪಾಗಿ ಕೈ ಇಳಿಸಿ ನನ್ನನ್ನು ನೋಡಿದಳು. ಎಂಟು ಮನೆಗಳ ಮೂಲೆಮೂಲೆ ಇಣುಕಿದ್ದ ನಾನು ಒಮ್ಮೆಯಾದರೂ ಅವಳ ಮುಖ ನೋಡಿರಲಿಲ್ಲ. ನಾಚಿಕೆಯಾಯಿತು. ಹೊಳೆಯ ಪ್ರಶ್ನೆಯನ್ನು ನುಂಗಿಕೊಂಡು, ಆ ಕಲ್ಲನ್ನು ಸರಿಸಲು ಎಷ್ಟು ಜನ ಬೇಕೆಂದು ವಾಲ್ಟರನನ್ನು ಕೇಳಿದೆ.

ಜಾಹೀರಾತಿನ ಆ ತುಂಡು ಇನ್ನೂ ನನ್ನ ಡ್ರಾಯರಿನಲ್ಲಿದೆ. ‘ಚಾರ್ಮಿಂಗ್’ ಸುತ್ತಲಿನ ಸೊನ್ನೆಯನ್ನು ನಾನು ಹಿಂತೆಗೆದುಕೊಂಡಿಲ್ಲ. ಹಿಮ ಕರಗಿದಾಗಲೆಲ್ಲ ಹೊಳೆ ಈಗ ನಮ್ಮದಾದ ನೆಲಮಾಳಿಗೆಗೆ ಬಂದು ನನ್ನ ಅನುಮಾನವನ್ನು ಗೌರವಿಸಿ ಹೋಗುತ್ತದೆ. ಆದರೆ ‘ಒರಿಜಿನಲ್ ಸ್ಟೋನ್’ ಸುತ್ತಿದ ಸೊನ್ನೆಯ ನಟ್ಟನಡುವೆ, ಯಾವುದೋ ಶುಕ್ರವಾರ ಪೂರ್ವದ ಗೋಡೆಯ ಕಲ್ಲಿಗೆ ಪೂಜೆ ಮಾಡಿ ಬಂದ ಬೆರಳಿನಿಂದ, ಸುಧಾ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಾಳೆ.