ಕಪ್ಪು ಗೋಡಿನ ಕೆಳಗೆ ಒಣಗಿದ ಕೆಮ್ಮಣ್ಣು

ನನ್ನ ನಿವೃತ್ತಿಗೆ ಆರೇಳು ತಿಂಗಳು ಬಾಕಿಯಿತ್ತು. ತಿಪಟೂರು ಸುತ್ತಲಿನ ತೆಂಗಿನ ತೋಟಗಳ ಮಣ್ಣು ಪರೀಕ್ಷಿಸುವುದು ನನ್ನ ಕೆಲಸ. ಒಂದು ಕಡೆ ಕೂರುವ ಜಾಯಮಾನ ಮೊದಲೇ ನನ್ನದಲ್ಲ. ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಬಿಳಿಗೆರೆಯಿಂದ ಗಂಗಮ್ಮ ಎಂಬ ರೈತ ಮಹಿಳೆಯ ಫೋನು ಬಂತು.

“ಸಾರ್, ನಮ್ಮನೆಯವ್ರು ಮರ ಕುಯ್ಯೋರನ್ನ ಕರ್ಸವ್ರೆ. ಈಗ್ಲೇ ಬನ್ನಿ.”

ಬೈಕು ಹತ್ತಿದೆ. ನಾನು ಮುಟ್ಟುವಷ್ಟರಲ್ಲಿ ಗರಗಸದ ಮೆಷಿನ್‌ಗೆ ಎಣ್ಣೆ ಬಿಡುತ್ತಿದ್ದರು. ಮರಗಳ ಗರಿ ಹಳದಿಯಾಗಿ, ಹರಳು ಎನ್ನುವ ಎಳೆಗಾಯಿಗಳು ಉದುರಿ ನೆಲವೆಲ್ಲ ಹರಡಿದ್ದವು. ಗಂಗಮ್ಮನ ಗಂಡ ಶಿವಣ್ಣನ ಮುಖ ಬಾಡಿಹೋಗಿತ್ತು.

“ಬೇರಿನ ರೋಗ ಸಾರ್. ಪಕ್ಕದಲ್ಲೇ ಅಣ್ಣನ ತೋಟ. ಅಲ್ಲಿಗೂ ಹತ್ತಿದ್ರೆ ನಾನು ಮುಖ ತೋರ್ಸೋ ಹಂಗಿಲ್ಲ.”

ಎಲ್ಲರೂ ಕತ್ತೆತ್ತಿ ಮರದ ತಲೆಯನ್ನೇ ನೋಡುತ್ತಿದ್ದರು. ನಾನು ಹಾರೆ, ಗುದ್ದಲಿ ಕೇಳಿ, ಎರಡು ಮರಗಳ ನಡುವೆ ಎದೆಯುದ್ದ ಗುಂಡಿ ತೋಡಿಸಿದೆ. ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಒಂದರ ಕೆಳಗೊಂದು ಕಾಣುತ್ತವೆ. ಇದನ್ನೇ ನಾವು ಸಾಯಿಲ್ ಪ್ರೊಫೈಲ್ ಎನ್ನುವುದು. ಮೇಲೆ ಮೊಣಕಾಲುದ್ದ ಕಪ್ಪು ಜೇಡಿ, ಕೈಗೆ ಅಂಟುತ್ತಿತ್ತು. ಅದರ ಕೆಳಗಿನ ಕೆಮ್ಮಣ್ಣು ಅಷ್ಟು ಮಳೆ ಬಂದಿದ್ದರೂ ರಾಗಿ ಹಿಟ್ಟಿನಂತೆ ಒಣಗಿತ್ತು.

ಕೆಮ್ಮಣ್ಣು ಆ ನೆಲದ ಕಲ್ಲೇ ಯುಗಯುಗಗಳ ಬಿಸಿಲು ಮಳೆಗೆ ಶಿಥಿಲವಾಗಿ ಆದದ್ದು. ಅದರಲ್ಲಿರುವ ಜೇಡಿ ಖನಿಜ ಹೆಚ್ಚಾಗಿ ಕೆಯೊಲಿನೈಟ್. ಅದು ಅಷ್ಟಾಗಿ ಉಬ್ಬದೆ ನೀರನ್ನು ಕೆಳಗೆ ಬಿಡುತ್ತದೆ. ಮೇಲಿದ್ದ ಕಪ್ಪು ಮಣ್ಣು ಕೆರೆಯ ಹೂಳು, ಇಲ್ಲಿಯವರು ಅದನ್ನು ಗೋಡು ಎನ್ನುತ್ತಾರೆ. ಅದರಲ್ಲಿದ್ದ ಸ್ಮೆಕ್ಟೈಟ್ ಎಂಬ ಖನಿಜ ನೀರು ಕುಡಿದು ಉಬ್ಬಿ, ಸಂದುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಕೆಳಗಿನ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ.

“ಗೋಡು ಹೊಡ್ಸಿದ್ದು ತಪ್ಪಾ ಸಾರ್? ನಮ್ಮಪ್ಪನೂ ಹೊಡೀತಿದ್ದ” ಎಂದ ಶಿವಣ್ಣ.

“ನಿಮ್ಮಪ್ಪ ಎತ್ತಿನ ಗಾಡೀಲಿ ತಂದು, ತೆಳ್ಳಗೆ ಎರಚಿ, ಉತ್ತು ಬೆರೆಸ್ತಿದ್ರು. ನೀವು ಕೆರೆಗೆ ಜೆಸಿಬಿ ಬಂತು ಅಂತ ಟ್ರ್ಯಾಕ್ಟರ್‌ಗಟ್ಟಲೆ ಸುರಿಸಿ ತೋಟಕ್ಕೆ ಟಾರು ಹಾಕಿದೀರಿ.”

ಶಿವಣ್ಣ ರೇಗಿದ. “ರೋಗ ಹಬ್ಬಿದ್ರೆ ನೀವು ಹೊಣೆ ಹೊರ್ತೀರಾ?”

ಒಂದೆರಡು ಬೇರು ಮುರಿದು ನೋಡಿದೆ. ಕೊಳೆತಿರಲಿಲ್ಲ. “ಹೊಣೆ ಹೊರೋಕಾಗಲ್ಲ, ಆದ್ರೆ ಮುಂದಿನ ಮಳೆವರೆಗೆ ಕಾದು ನೋಡಿ” ಎಂದೆ. ಅಷ್ಟರಲ್ಲಿ ಗಂಗಮ್ಮ ಮೆಷಿನ್‌ನವರ ಕಡೆ ತಿರುಗಿ, “ಟೀ ಕುಡ್ಕಂಡು ಹೊರಡ್ರಪ್ಪ” ಎಂದಳು.

ಮರಗಳ ಸುತ್ತ ಗೋಡು ಕೆರೆದು ತೆಗೆಸಿದೆವು. ಉಳಿದಿದ್ದನ್ನು ಕೆಮ್ಮಣ್ಣಿನ ಜೊತೆ ಬೆರೆಸಿದೆವು. ಬೇಸಿಗೆಯಿಡೀ ನನಗೆ ನೆಮ್ಮದಿಯಿಲ್ಲ. ಏನೋ ನೆಪ ಮಾಡಿಕೊಂಡು ಬಿಳಿಗೆರೆ ದಾರಿ ಹಿಡಿಯುತ್ತಿದ್ದೆ. ಶಿವಣ್ಣನ ಅಣ್ಣನ ತೋಟದಲ್ಲಿ ಒಂದು ಗರಿ ಹಳದಿಯಾಗಿ ಕಂಡರೂ ಬೈಕು ನಿಲ್ಲಿಸಿ ಇಳಿಯುತ್ತಿದ್ದೆ.

ಮುಂದಿನ ಮುಂಗಾರಿನ ಹೊತ್ತಿಗೆ ನಿವೃತ್ತನಾಗಿದ್ದೆ. ಮೊದಲ ಹದಮಳೆಯ ಮಾರನೆಯ ದಿನವೇ ಹೋಗಿ ಮಂಡಿಯೂರಿ ಮಣ್ಣು ಬಗೆದೆ. ಮೊಣಕೈವರೆಗೂ ಕೆಮ್ಮಣ್ಣು ಒದ್ದೆ! ಇನ್ನೂ ಆಳಕ್ಕೆ ಬಗೆಯುತ್ತಿದ್ದ ನನ್ನ ಭುಜ ಹಿಡಿದು ಶಿವಣ್ಣ ನಕ್ಕ.

“ಸಾರ್, ಈಗಾದ್ರೂ ಒಂದ್ಸಲ ಮೇಲೆ ನೋಡಿ.”

ಸುಳಿ ಹಸಿರಾಗಿ ನೆಟ್ಟಗೆ ನಿಂತಿತ್ತು. ಕಣ್ಣು ತುಂಬಿ ಬಂತು.

ಮರದ ಸಂಕಟ ಮೊದಲು ನೆಲದಲ್ಲಿ ಹುಡುಕಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಈಗಲೂ ಹಳದಿ ಗರಿಯ ಫೋಟೋಗಳು ವಾಟ್ಸಾಪಿನಲ್ಲಿ ಬರುತ್ತವೆ. ಗುಂಡಿ ತೋಡಿ ಅದರ ಫೋಟೋ ಕಳಿಸಿ ಎನ್ನುತ್ತೇನೆ. ಅದು ಬರುವ ತನಕ ಮನೆಯೊಳಗೆ ಶತಪಥ ಹಾಕುತ್ತಿರುತ್ತೇನೆ.