ಮೂರು ರೊಟ್ಟಿಯ ಅಂತರ

ನನ್ನ ಅವಳಿ ಅಣ್ಣ ನನಗಿಂತ ಮೂರು ರೊಟ್ಟಿ ದೊಡ್ಡವನು. ನಾವು ಹುಟ್ಟಿದಾಗ ಮನೆಯಲ್ಲಿ ಗಡಿಯಾರವಿರಲಿಲ್ಲ. ಅಜ್ಜಿ ಒಲೆಯ ಮುಂದಿದ್ದಳು. ಅಣ್ಣ ಅತ್ತ ಮೇಲೆ ಅವಳು ಮೂರು ರೊಟ್ಟಿ ಬಡಿದು ಬೇಯಿಸಿದಳಂತೆ, ಆಗ ನಾನು ಅತ್ತೆ. ನಮ್ಮ ವಂಶದಲ್ಲಿ ಇದಕ್ಕಿಂತ ನಿಖರವಾದ ದಾಖಲೆ ಇನ್ನೊಂದಿಲ್ಲ.

ಈ ಮೂರು ರೊಟ್ಟಿಯ ದೆಸೆಯಿಂದ ನನ್ನ ಕೈತಪ್ಪಿದ್ದು ಒಂದೇ, ಚರಗದ ಬುಟ್ಟಿ. ಎಳ್ಳಮಾವಾಸ್ಯೆಯ ದಿನ ಮಸೂತಿ ಊರಿನ ನಮ್ಮ ಹೊಲದಲ್ಲಿ ಭೂಮಿತಾಯಿಗೆ ಎಡೆ ಹಿಡಿದು, ಅದೇ ಅಡುಗೆಯನ್ನು ಚರಗವೆಂದು ಬಿಳಿಜೋಳದ ಬೆಳೆಗೆ ಚೆಲ್ಲುತ್ತ ಹೊಲ ಸುತ್ತುತ್ತೇವೆ. ಮನೆಯ ಹಿರಿಯ ಬುಟ್ಟಿ ಹಿಡಿದು ಮುಂದೆ ನಡೆಯುತ್ತ "ಹುಲ್ಲುಲ್ಲಿಗೋ!" ಎಂದು ಕೂಗಬೇಕು, ಹಿಂದಿದ್ದವರು "ಚಲ್ಲಂಬ್ರಿಗೋ!" ಎನ್ನಬೇಕು. ಅಪ್ಪನ ನಂತರ ಬುಟ್ಟಿ ಅಣ್ಣನ ಕೈಗೆ ಹೋಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ಊರೂರಿನ ಹುಡುಗರನ್ನು ಸಾಲಾಗಿ ನಿಲ್ಲಿಸಿದ ನಾನು, ವರ್ಷಕ್ಕೊಮ್ಮೆ ಅವನ ಬೆನ್ನು ನೋಡುತ್ತ ಚಲ್ಲಂಬ್ರಿಗೋ ಎನ್ನುತ್ತಲೇ ನಿವೃತ್ತನಾದೆ.

ಆಮೇಲೆ ಬಸವನ ಬಾಗೇವಾಡಿಯ ಮನೆಗೆ ಮರಳಿದೆ. ಅಣ್ಣನ ಮೊಣಕಾಲು ಮೆಟ್ಟಿಲಿಗೆ ಒಪ್ಪದ್ದರಿಂದ ಅವನು ಕೆಳಗೆ, ನಾನು ಮಾಳಿಗೆಯ ಮೇಲೆ. ಒಂದು ಮಧ್ಯಾಹ್ನ ಅಲ್ಲಿ ಕೂತಾಗ, ಹುಡುಗರಿಗೆ ನಾನೇ ಹೇಳುತ್ತಿದ್ದ ಸಂಗತಿ ನೆನಪಾಯಿತು: ಭೂಮಿಯ ಸೆಳೆತ ಹೆಚ್ಚಿದ್ದಲ್ಲಿ ಕಾಲ ನಿಧಾನ, ಮೇಲಕ್ಕೆ ಹೋದಂತೆ ಚುರುಕು. ಅಂದರೆ ಮಾಳಿಗೆಯ ಮೇಲಿನ ನನಗೆ ಕೆಳಗಿನ ಅಣ್ಣನಿಗಿಂತ ಬೇಗ ವಯಸ್ಸಾಗುತ್ತಿದೆ! ಮೂರು ರೊಟ್ಟಿ ಕರಗುತ್ತಿವೆ!

ಲೆಕ್ಕ ಹಾಕಿದೆ. ಒಂದು ಮಾಳಿಗೆಯ ಎತ್ತರದಿಂದ ಮೂರು ರೊಟ್ಟಿ ತುಂಬಿಕೊಳ್ಳಲು ಸಾವಿರಾರು ಕೋಟಿ ವರ್ಷ ಬೇಕು. ಅಷ್ಟರೊಳಗೆ ಸೂರ್ಯನೇ ಆರಿಹೋಗಿರುತ್ತಾನೆ. ಈ ಅಲ್ಪ ತೊಡಕನ್ನು ಅಣ್ಣನಿಗೆ ತಿಳಿಸುವ ಅಗತ್ಯ ನನಗೆ ಕಾಣಲಿಲ್ಲ.

ಎಳ್ಳಮಾವಾಸ್ಯೆಯ ಮುಂಜಾನೆ ವಿಷಯ ಮಂಡಿಸಿ, ಬುಟ್ಟಿ ಇನ್ನು ನನಗೆ ಸೇರಬೇಕೆಂದೆ. ಅಣ್ಣ ಧೋತರ ಉಡುತ್ತ ಕೇಳಿದ.

"ಅಂದ್ರ, ಮ್ಯಾಲ ಇದ್ದಾಂವ ಲಗೂನ ಮುದುಕ ಆಗ್ತಾನಂತಿ?"

"ಹೌದಣ್ಣಾ. ವಿಜ್ಞಾನ ಹಂಗ ಹೇಳ್ತೈತಿ."

"ನಿನ್ನ ಬೋಳತಲಿ ನೋಡಿದ್ರ ಖರೇ ಅನಸ್ತೈತಿ ಬಿಡು."

ಅಡುಗೆ ಕಟ್ಟುತ್ತಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ತಲೆಯೆತ್ತಿದರು. "ಮಾಸ್ತರ್ರ, ನಾ ನಲವತ್ತು ವರ್ಷ ನೆಲದ ಮ್ಯಾಲ ಕುಂತು ರೊಟ್ಟಿ ಬಡದೇನಿ. ನನ್ನ ವಯಸ್ಸು ಎಲ್ಲಿ ನಿಂತೈತಿ, ಅದನ್ನೂ ಒಂದಿಷ್ಟು ಲೆಕ್ಕಾ ಮಾಡಿ ಹೇಳ್ರಿ."

ವಿಜ್ಞಾನ ಬುತ್ತಿಯ ಗಂಟು ಬಿಗಿಯಲು ಕೈಹಚ್ಚಿತು. ಅಷ್ಟರಲ್ಲಿ ಅಣ್ಣ ಬುಟ್ಟಿ ಎತ್ತಿ ನನ್ನ ಕೈಗಿಟ್ಟ. "ಹಿಡಿ ತಮ್ಮಾ. ಇವತ್ತ ನೀನ ಹಿರ್ಯಾ."

ಇನ್ನೂ ಎರಡು ಗಂಟೆ ವಾದಿಸಲು ಸಿದ್ಧನಾಗಿ ಬಂದಿದ್ದವನಿಗೆ ಇದು ತುಸು ಅವಮಾನವೇ.

ಹೊಲದಲ್ಲಿ ನಾನು ಮುಂದೆ. ಹಿಂದೆ ಅಣ್ಣ, ವೈನಿ, ಮೊಮ್ಮಕ್ಕಳು. ಕಡಬು, ಪುಂಡಿಪಲ್ಯ, ಭಜ್ಜಿ ತುಂಬಿದ ಬುಟ್ಟಿ ಎಷ್ಟು ಭಾರವೆಂಬುದು ಹಿಂದಿನಿಂದ ನೋಡಿದವನಿಗೆ ತಿಳಿಯುವುದಿಲ್ಲ. ಸೆಳೆತ ಹೆಚ್ಚಿದ್ದಲ್ಲಿ ಕಾಲ ನಿಧಾನವೆಂದು ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದೆ. ಅಂದು ತೋಳು ಒಪ್ಪಿಕೊಂಡಿತು. ಮೊದಲ ಹಿಡಿ ಚೆಲ್ಲಿ, ಎದೆ ತುಂಬ ಉಸಿರೆಳೆದು ಕೂಗಿದೆ:

"ಚಲ್ಲಂಬ್ರಿಗೋ!"

ಕರೆಯೇ ಇಲ್ಲದೆ ಉತ್ತರ ಬಂದಿತ್ತು. ಮತ್ತೊಂದು ಹಿಡಿ ಚೆಲ್ಲಿ, ಮನಸ್ಸು ಗಟ್ಟಿ ಮಾಡಿ ಬಾಯಿ ತೆರೆದೆ. ಮತ್ತೆ ಚಲ್ಲಂಬ್ರಿಗೋ. ಹಿಂದೆ ನಡೆದ ಅಷ್ಟೂ ವರ್ಷಗಳು ನಾಲಿಗೆಯ ಮೇಲೆ ಕೂತಿದ್ದವು.

"ನೀ ನಡಿ ತಮ್ಮಾ," ಎಂದ ಅಣ್ಣ ಹಿಂದಿನಿಂದ. "ನಾ ಇಲ್ಲಿಂದನ ಒದರ್ತೇನಿ."

ಹಾಗೆಯೇ ಆಯಿತು. ಬುಟ್ಟಿ ಮುಂದೆ, ಹಿರಿತನ ಹಿಂದೆ. ಅವನು ಹುಲ್ಲುಲ್ಲಿಗೋ ಎಂದಾಗಲೆಲ್ಲ ನಾನು ಮುಂದಿನಿಂದ ವಿಧೇಯನಾಗಿ ಉತ್ತರ ಕೊಡುತ್ತ ಹೊಲ ಸುತ್ತಿದೆ.

ಊಟಕ್ಕೆ ಕೂತಾಗ ವೈನಿ ಅಣ್ಣನ ತಾಟಿಗೆ ಒಂದೊಂದಾಗಿ ಮೂರು ರೊಟ್ಟಿ ಹಾಕಿದರು. ನಾಲ್ಕನೆಯದು ನನಗೆ ಬಂತು.