ಹದ್ದಕ್ಕನ ಕಣ್ಣು ಕಟ್ಟಿದ ಹೇಸಿಗೆ

ಹಾಲಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹದ್ದಕ್ಕ ಎಂದೇ ಕರೆಯುತ್ತಿದ್ದರು. ಮನೆಗಳಿಂದ ವಾಪಸು ಬಂದ ಗಾಜಿನ ಬಾಟಲಿಗಳು ತೊಳೆಯುವ ಯಂತ್ರದಿಂದ ಹೊರಬಿದ್ದು, ಬಿಳಿ ದೀಪದ ಪರದೆಯ ಮುಂದೆ ಒಂದರ ಹಿಂದೊಂದು ಓಡುತ್ತಿದ್ದವು. ಎತ್ತರದ ಸ್ಟೂಲಿನ ಮೇಲೆ ಕೂತು ಅವನ್ನು ದಿಟ್ಟಿಸುವುದೇ ಅವಳ ಕೆಲಸ. ಬಿರುಕು ಬಿಟ್ಟದ್ದು, ಬಾಯಿ ಒಡೆದದ್ದು, ಕೊಳೆ ಉಳಿದದ್ದು ಕಂಡರೆ ಎತ್ತಿ ಪಕ್ಕದ ಡ್ರಮ್ಮಿಗೆ ಹಾಕಬೇಕು. ಅವಳ ಕಣ್ಣು ತಪ್ಪಿಸಿ ಬಾಟಲಿ ಮುಂದೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಜನ ಖಾಲಿ ಬಾಟಲಿಯೊಳಗೆ ಏನೇನು ತುಂಬಿ ಕಳಿಸುತ್ತಾರೆಂದು ನೋಡುತ್ತ ಕೂತವಳಿಗೆ ಮನುಷ್ಯರ ಮೇಲೆ ಗೌರವ ಉಳಿಯುವುದು ಕಷ್ಟ. ಸಿಗರೇಟಿನ ತುಂಡು, ಕತ್ತರಿಸಿದ ಉಗುರು, ಬಿಸಿನೀರಿಗೂ ಬಿಡದ ಕಫ. “ಹಾಲು ಕುಡ್ದ ಬಾಯಲ್ಲೇ ಅದರೊಳಗೆ ಉಗೀತಾರಲ್ಲ, ಇವರ ಮುಖಕ್ಕೆ!” ಎಂದು ಬೈದು, ಮುಂದಿನ ಬಾಟಲಿಗೆ ಕಣ್ಣು ಹಾಯಿಸುತ್ತಿದ್ದಳು. ಬೈದರೆ ಹೇಸಿಗೆ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಇಲಿ ಬಂತು.

ಮರಿಯಾಗಿದ್ದಾಗ ನುಗ್ಗಿ ಅಲ್ಲೇ ಬೆಳೆದಿತ್ತೋ ಏನೋ, ಬಾಟಲಿಯ ತುಂಬ ಅದೇ ಇತ್ತು. ಸೋಪಿನ ಬಿಸಿನೀರಿನಲ್ಲಿ ಬೆಂದು, ತೊಗಲು ಸುಲಿದು, ಬಾಲ ಗಾಜಿಗೆ ಅಂಟಿಕೊಂಡಿತ್ತು. ಬಾಯಿ ತೆರೆದಿತ್ತು, ಹಲ್ಲು ಕಾಣುತ್ತಿತ್ತು. ಅವಳು “ಥೂ!” ಎಂದು ಬಾಟಲಿ ಎತ್ತಿ ಡ್ರಮ್ಮಿಗೆ ಎಸೆದಳು. ಮುಖವನ್ನು ಮಾತ್ರ ಪರದೆಯಿಂದ ಆಚೆ ತಿರುಗಿಸಲಿಲ್ಲ.

ಅದರ ಬೆನ್ನಿಗೇ ಬಂದ ಬಾಟಲಿಯ ಬಾಯಿ ಅರ್ಧ ಒಡೆದಿತ್ತು. ಹಾಲು ತುಂಬುವ ಯಂತ್ರ ಮೇಲಿನಿಂದ ಒತ್ತಿದಾಗ ಅದು ಸಿಡಿದು, ಯಂತ್ರದ ಮುಂದೆ ನಿಂತವನ ಕೆನ್ನೆ ಸೀಳಿತು. ರಕ್ತ ಹಾಲಿನೊಂದಿಗೆ ಬೆರೆತು ಗುಲಾಬಿ ಬಣ್ಣದ ರಾಡಿಯಾಗಿ ನೆಲದ ಮೇಲೆ ಹರಿಯಿತು.

ಮೇಲ್ವಿಚಾರಕ ಉರಿದುಬಿದ್ದ. “ನಿದ್ದೆ ಹೊಡೀತಿದ್ಯೇನಮ್ಮ?”

“ರೆಪ್ಪೆ ಕೂಡ ಬಡೀಲಿಲ್ಲ ಸಾರ್. ಆ ಬಾಟ್ಲಿ ನನ್ನ ಮುಂದೆ ಬರ್ಲೇ ಇಲ್ಲ.”

“ಮತ್ತೆ ರೆಕ್ಕೆ ಕಟ್ಕೊಂಡು ಹಾರಿ ಬಂತಾ?”

ಗೋಡೆಯ ಮೇಲಿನ ಕ್ಯಾಮೆರಾದಲ್ಲಿ ಸೆರೆಯಾದದ್ದನ್ನು ಅವನು ತೋರಿಸಿದ. ಒಡೆದ ಬಾಟಲಿ ಅವಳ ಮೂಗಿನ ಮುಂದೆಯೇ ಹಾದುಹೋಗುತ್ತಿತ್ತು. ಅವಳ ಕಣ್ಣು ತೆರೆದೇ ಇದ್ದವು, ಅದನ್ನೇ ನೋಡುತ್ತಿದ್ದವು. ಹದ್ದಕ್ಕನಿಗೆ ಬೇರೆ ಯಾರದೋ ಮುಖ ನೋಡಿದಂತಾಯಿತು.

ಅಲ್ಲಿಂದ ಮುಂದೆ ಅವಳ ಬೈಗುಳಕ್ಕೆ ಹೇಸಿಗೆ ಬಗ್ಗಲಿಲ್ಲ, ಅವಳ ಹಿಂದೆ ಮನೆಗೂ ಬಂತು. ಬಸ್ಸು ಓಡಿಸುವ ಗಂಡನ ಅಂಗಿಯ ಕಾಲರಿನ ಜಿಡ್ಡು, ಸಿಂಕಿನ ತೂತಿನಲ್ಲಿ ಸಿಕ್ಕಿಕೊಂಡ ಕೂದಲಿನ ಉಂಡೆ, ಚಮಚದ ಬೆನ್ನಿನ ಒಣಗಿದ ಕಲೆ. ಕೋಣೆಗೆ ಕಾಲಿಟ್ಟರೆ ಬೇರೇನೂ ಕಾಣದೆ ಮೊದಲು ಅವೇ ಕಾಣುತ್ತಿದ್ದವು. ಅತ್ತೆಯ ಎದುರು ಕೂತು ಉಣ್ಣುವುದಂತೂ ಶಿಕ್ಷೆಯಾಗಿತ್ತು. ಅತ್ತೆ ಗಟ್ಟಿಗಿತ್ತಿ, ಬಾಯಿ ಜೋರು. ಊಟ ಮಾಡುತ್ತ ಬೀದಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುವವಳು. ಹದ್ದಕ್ಕನಿಗೆ ಈಗ ಸುದ್ದಿ ಕೇಳಿಸುತ್ತಿರಲಿಲ್ಲ. ಕಟ್ಟಿಸಿದ ಹಲ್ಲಿನ ಸಂದಿಯಲ್ಲಿ ಅಗಿದದ್ದು ಹೊರಳುವುದೊಂದೇ ಕಾಣುತ್ತಿತ್ತು.

“ಏನೇ, ತಟ್ಟೆ ಹಾಗೇ ಇದೆ? ಬಸುರೀನಾ?” ಎಂದು ಅತ್ತೆ ಕೇಳಿದರೆ, “ಹೊಟ್ಟೆ ಸರಿಯಿಲ್ಲ” ಎಂದು ಎದ್ದುಬಿಡುತ್ತಿದ್ದಳು.

ಒಂದು ಸಂಜೆ ಅತ್ತೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು ತಿನ್ನುತ್ತಿದ್ದಳು. ಬಾಯಿಯ ಒಂದು ಮೂಲೆಯಿಂದ ಅಗಿದ ಬ್ರೆಡ್ಡು ಮುದ್ದೆಮುದ್ದೆಯಾಗಿ ಹೊರಬಂತು. ಅದರ ಹಿಂದೆ ಜೊಲ್ಲು ಎಳೆಯಾಗಿ ಗದ್ದದಿಂದ ಇಳಿದು ಎದೆಯ ಮೇಲೆ ಬಿತ್ತು. ಹದ್ದಕ್ಕನ ಗಂಟಲವರೆಗೆ ವಾಕರಿಕೆ ಬಂತು. “ಥೂ, ಒರೆಸ್ಕೊಳ್ಳಿ ಅತ್ತೆ” ಎಂದು ಬಟ್ಟೆಯೊಂದನ್ನು ಅವಳ ಮಡಿಲಿಗೆಸೆದು ಅಡುಗೆಮನೆಗೆ ಹೋದಳು. ಹಿಂದಿನಿಂದ ಅತ್ತೆ ಏನೋ ತೊದಲಿದಳು. ಬಾಯಿ ತುಂಬಿಕೊಂಡು ಮಾತಾಡುತ್ತಿದ್ದಾಳೆ ಎಂದುಕೊಂಡು ಹದ್ದಕ್ಕ ನಲ್ಲಿ ಜೋರಾಗಿ ತಿರುಗಿಸಿದಳು.

ಗಂಡ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ಕೂಗಿದ: “ಅಮ್ಮನ ಮುಖ ಯಾಕೆ ಹೀಗೆ ಸೊಟ್ಟ ಆಗಿದೆ? ಅಮ್ಮಾ, ಕೈ ಎತ್ತು ನೋಡೋಣ!”

ಕೈ ಏಳಲಿಲ್ಲ.

ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಮ್ಮ, ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ, ಇನ್ನೂ ಬೇಗ ಕರೆತಂದಿದ್ದರೆ ಚೆನ್ನಾಗಿತ್ತು, ಜೀವಕ್ಕೇನೂ ಭಯವಿಲ್ಲ ಎಂದಳು. ಆಮೇಲೆ ಹದ್ದಕ್ಕನನ್ನು ಕೇಳಿದಳು: “ಮುಖ ವಾಲಿದ್ದು ಯಾವಾಗ ನೋಡಿದ್ರಿ?”

“ಎದುರಿಗೇ ಕೂತಿದ್ದೆ. ಮುಖ ನೋಡ್ಲೇ ಇಲ್ಲ, ಜೊಲ್ಲು ನೋಡ್ದೆ” ಎಂದು ಹದ್ದಕ್ಕ ಅತ್ತಳು. ಅಳುತ್ತಲೇ ಇಲಿಯ ಕತೆಯನ್ನೂ ಕ್ಯಾಮೆರಾದ ಕತೆಯನ್ನೂ, ಮನೆಗೂ ಬಂದ ಹೇಸಿಗೆಯನ್ನೂ, ಬಟ್ಟೆ ಎಸೆದದ್ದನ್ನೂ ಹೇಳಿದಳು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. “ಹೇಸಿಗೆ, ಹೆದರಿಕೆ ಹುಟ್ಟಿಸೋದು ಕಂಡ್ರೆ ಮಿದುಳು ಇದ್ದಬದ್ದ ಗಮನನೆಲ್ಲ ಅದಕ್ಕೇ ಕೊಟ್ಟುಬಿಡುತ್ತೆ. ಕೊಳೆತಿದ್ದು, ರೋಗದ್ದು ಹತ್ರ ಬರದೇ ಇರ್ಲಿ ಅಂತ. ಅದರ ಬೆನ್ನಿಗೇ ಬಂದಿದ್ದು ಕಣ್ಣಿಗೆ ಬೀಳುತ್ತೆ, ಮನಸ್ಸಿಗೆ ಬೀಳಲ್ಲ. ಬಾಟ್ಲೀಲಿ ಆಗಿದ್ದು ಅದು, ಒಂದು ಗಳಿಗೆ ಅಷ್ಟೆ. ಮನೇಲಿ ಹಾಗಲ್ಲ. ಹೇಸಿಗೆ ಹೋಗ್ದೆ ಅಲ್ಲೇ ಕೂತಿತ್ತು. ಕಣ್ಣು ಅದನ್ನೇ ಹುಡುಕ್ತಿತ್ತು.”

“ಹಾಗಾದ್ರೆ ನನ್ನ ತಪ್ಪಿಲ್ವಾ?”

“ಇಲಿ ನೋಡಿ ಹೇಸಿದ್ದು ತಪ್ಪಲ್ಲ. ಹೇಸಿಗೆ ಆದಾಗ ಕಣ್ಣು ನಂಬಬೇಡಿ. ಅದು ಇಳಿಯೋ ತನಕ ತಡೀರಿ. ಆಮೇಲೆ ತಿರುಗಿ ನೋಡಿ.”

ಬಟ್ಟೆ ಎಸೆದು ಹೋದದ್ದು ತಪ್ಪಲ್ಲ ಎಂದು ಡಾಕ್ಟರಮ್ಮ ಹೇಳಲಿಲ್ಲ. ಅದು ಹದ್ದಕ್ಕನಿಗೆ ತಿಳಿಯಿತು. ಆ ರಾತ್ರಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕನ್ನಡಿಯ ಮುಂದೆ ನಿಲ್ಲಲಾಗಲಿಲ್ಲ.

ಮತ್ತೆ ಕೆಲಸಕ್ಕೆ ಹೋದ ದಿನ ಅವಳು ಮೇಲ್ವಿಚಾರಕನನ್ನು ಕೇಳಿದ್ದು ಒಂದೇ: ಕಾಲಿನಿಂದ ಒತ್ತಿ ಬಾಟಲಿಗಳ ಸಾಲು ನಿಲ್ಲಿಸುವ ಗುಂಡಿ ಬೇಕು. ಹೊಲಸು ಬಾಟಲಿ ಎತ್ತಿದ ಮೇಲೆ ಸಾಲು ಸ್ವಲ್ಪ ನಿಲ್ಲಬೇಕು. ಹಾದುಹೋದದ್ದನ್ನು ಹಿಂದಕ್ಕೆ ತಂದು ಅವಳು ಇನ್ನೊಮ್ಮೆ ನೋಡಬೇಕು.

“ನಿನಗೆ ವಾಂತಿ ಬಂದಾಗೆಲ್ಲ ಕಾರ್ಖಾನೆ ನಿಲ್ಲಿಸ್ಬೇಕಾ?”

ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡವನು ಪಕ್ಕದಲ್ಲೇ ನಿಂತಿದ್ದ. ಹದ್ದಕ್ಕನ ಜೊತೆ ಅವನು ಇನ್ನೂ ಸರಿಯಾಗಿ ಮಾತಾಡಿರಲಿಲ್ಲ. “ನಿಲ್ಲಿಸ್ಲಿ ಬಿಡಿ ಸಾರ್” ಎಂದ. “ಇನ್ನೊಂದು ಕೆನ್ನೆ ಉಳ್ಕೊಂಡಿದೆ ನಂದು.”

ಗುಂಡಿ ಬಂತು. ಮೇಲ್ವಿಚಾರಕ ಗೊಣಗುವುದನ್ನು ಬಿಡಲಿಲ್ಲ, ಹದ್ದಕ್ಕ ಒತ್ತುವುದನ್ನು ಬಿಡಲಿಲ್ಲ. ಜನರೂ ಬಾಟಲಿಗೆ ಉಗುಳುವುದನ್ನು ಬಿಡಲಿಲ್ಲ.

ಅತ್ತೆ ಅರ್ಧ ಬಾಯಿಯೊಂದಿಗೆ ಮನೆಗೆ ಬಂದಳು. ಉಣಿಸುವುದು, ತೊಳೆಯುವುದು, ಬಟ್ಟೆ ಬದಲಿಸುವುದು ಎಲ್ಲ ಹದ್ದಕ್ಕನ ಪಾಲಿಗೆ ಬಂತು. ಹೇಸಿಗೆ ಹೋಯಿತೆಂದರೆ ಸುಳ್ಳಾಗುತ್ತದೆ. ಅದೇ ಜೊಲ್ಲು, ಅದೇ ಹುಳಿ ವಾಸನೆ, ಅದೇ ವಾಕರಿಕೆ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಮುಗಿಸಿ, ಬಾಯಿ ಒರೆಸಿ, ಮುಖ ಆಚೆ ತಿರುಗಿಸಿದಳು. ಹೊಟ್ಟೆ ತಿಳಿಯಾಗುವ ತನಕ ಕಿಟಕಿಯ ಸರಳು ಹಿಡಿದು ನಿಂತಳು. ಆಮೇಲೆ ತಿರುಗಿ ಅತ್ತೆಯ ಮುಖವನ್ನು ನೋಡಿದಳು. ಜೋಮು ಹಿಡಿದ ಕಡೆಯ ಕೆನ್ನೆ ಉಬ್ಬಿತ್ತು. ಗಂಜಿಯ ಅಗುಳೆಲ್ಲ ಅಲ್ಲೇ ಕೂತಿತ್ತು, ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ಹಾಗೇ ಮಲಗಿಸಿದ್ದರೆ ಅದು ಗಂಟಲಿಗೆ ಜಾರುತ್ತಿತ್ತು.

ಹದ್ದಕ್ಕ ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು, ಬೆರಳನ್ನು ಅತ್ತೆಯ ಬಾಯೊಳಗೆ ಹಾಕಿ ಬೆಚ್ಚಗಿನ ಆ ಲೋಳೆಯನ್ನು ಬಳಿದು ತೆಗೆಯತೊಡಗಿದಳು. ಅತ್ತೆ ತಲೆ ಹಿಂದಕ್ಕೆ ಎಳೆದುಕೊಂಡಳು. ಸರಿಯಿದ್ದ ಅರ್ಧ ಮುಖವನ್ನು ಸಿಂಡರಿಸಿ, ಒಂದೊಂದೇ ಅಕ್ಷರ ಹೊರಳಿಸುತ್ತ ಕೇಳಿದಳು:

“ಕೈ... ತೊಳ್ದಿದ್ಯೇನೇ?”